ಹೆಡ್‌ಮಾಸ್ಟರಿಗೆ ನಮಸ್ಕಾರ, ಅಡುಗೆಯವರಿಗೆ ‘ಏಯ್’: ಮಕ್ಕಳಿಗೆ ಗೌರವ ಕಲಿಸುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಸಮಾಜ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. ಮುಖ್ಯ ಶಿಕ್ಷಕರು ಬಂದರೆ ಮಕ್ಕಳು ತಟ್ಟನೆ ಎದ್ದು ನಿಲ್ಲುತ್ತಾರೆ. ನಾನು ಬಂದರೆ ಅರ್ಧ ಮಂದಿ ಏಳುವುದಿಲ್ಲ, ತಿದ್ದಿದರೆ ಎದುರುತ್ತರ ಕೊಡುತ್ತಾರೆ. ಬಿಸಿಯೂಟದ ಅಡುಗೆಯವರು ತಮ್ಮ ತಾಯಿಯ ವಯಸ್ಸಿನವರಾದರೂ ‘ಏಯ್, ಸಾರು ಹಾಕು’ ಎನ್ನುತ್ತಾರೆ. ಉಗ್ಗುವ ಹುಡುಗನೊಬ್ಬ ಓದಲು ಎದ್ದರೆ ನಗುತ್ತಾರೆ. ‘ಬೆತ್ತ ಹೋದ ಮೇಲೆ ಭಯಭಕ್ತಿಯೂ ಹೋಯಿತು’ ಎಂದು ಹಿರಿಯ ಸಹೋದ್ಯೋಗಿಗಳೂ ಪೋಷಕರೂ ಹೇಳುತ್ತಾರೆ. ಗೌರವವನ್ನು ಶಾಲೆಯಲ್ಲಿ ಕಲಿಸಲು ಸಾಧ್ಯವೇ? ಅದಕ್ಕೆ ಅಂಕ ಕೊಡುವ ಪದ್ಧತಿ ಮಾಡಿದರೆ ಪ್ರಯೋಜನವಾದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ ಅಡುಗೆಯವರ ಸಂಗತಿ. ಮಕ್ಕಳು ನಿಮಗಾಗಿ ಎದ್ದು ನಿಲ್ಲುವುದಿಲ್ಲ ಎಂಬುದನ್ನು ಆಮೇಲೆ ನೋಡೋಣ. ಮೊದಲು ಊಟದ ಸಾಲಿಗೆ ಬರುತ್ತೇನೆ. ಮುಖ್ಯ ಶಿಕ್ಷಕರನ್ನು ಕಂಡೊಡನೆ ಕೈಮುಗಿಯುವ ಹುಡುಗನೇ ಅರ್ಧ ಗಂಟೆಯ ಬಳಿಕ ತಟ್ಟೆ ಮುಂದೆ ಚಾಚಿ ‘ಏಯ್’ ಎನ್ನುತ್ತಾನಾದರೆ, ಅವನಿಗೆ ಗೌರವವೆಂದರೇನೆಂದು ತಿಳಿಯದು ಎನ್ನುವಂತಿಲ್ಲ. ಯಾರಿಗೆ ಕೊಡಲೇಬೇಕು, ಯಾರಿಗೆ ಕೊಡದಿದ್ದರೂ ನಡೆಯುತ್ತದೆ ಎಂಬ ಲೆಕ್ಕವನ್ನು ಅವನು ಚೆನ್ನಾಗಿಯೇ ಕಲಿತಿದ್ದಾನೆ. ಯಾರ ಮನೆಯ ಹಿರಿಯರನ್ನು ‘ಗೌಡ್ರೇ’, ‘ಅಜ್ಜಾರೇ’ ಎಂದು ಬಹುವಚನದಲ್ಲಿ ಮಾತನಾಡಿಸಬೇಕು, ಯಾವ ಕೇರಿಯ ಎಪ್ಪತ್ತು ವರ್ಷದ ಮುದುಕನನ್ನು ಹೆಸರು ಹಿಡಿದು ಕೂಗಬಹುದು ಎಂಬುದನ್ನು ನಮ್ಮ ಹಳ್ಳಿಯ ಮಗು ಒಂದನೇ ತರಗತಿಗೆ ಸೇರುವ ಮೊದಲೇ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಿರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತನಗಿಂತ ಮೇಲಿರುವವರಿಗೆ ತಲೆಬಾಗುವುದನ್ನು ಮಗು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ, ಏಕೆಂದರೆ ತಪ್ಪಿದರೆ ಏನಾಗುತ್ತದೆಂದು ಅದಕ್ಕೆ ಗೊತ್ತು. ಗೌರವ ಕೊಡದಿದ್ದರೂ ತನಗೆ ಏನೂ ಮಾಡಲಾರದವರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಶಾಲೆ ಪ್ರಯತ್ನಪೂರ್ವಕವಾಗಿ ಕಲಿಸಬೇಕು. ಅಡುಗೆಯವರು, ಕಸ ಗುಡಿಸುವವರು, ಚಿಕ್ಕ ತರಗತಿಯ ಮಕ್ಕಳು, ಉಗ್ಗುವ ಆ ಹುಡುಗ, ಇವರೊಂದಿಗಿನ ವರ್ತನೆ ಸರಿಹೋದ ಶಾಲೆಯಲ್ಲಿ ಶಿಕ್ಷಕರಿಗೆ ಸಲ್ಲಬೇಕಾದ ಮರ್ಯಾದೆಗೆ ಪ್ರತ್ಯೇಕ ಹೋರಾಟ ಬೇಕಾಗುವುದಿಲ್ಲ. ಇದನ್ನು ತಲೆಕೆಳಗಾಗಿ ಮಾಡಲು ಹೋದಾಗ, ಅಂದರೆ ಮೊದಲು ನಮಗೆ ಮರ್ಯಾದೆ ಕೊಡಲಿ, ಉಳಿದದ್ದು ಆಮೇಲೆ ಎಂದಾಗ, ಮಕ್ಕಳು ಕಲಿಯುವುದು ಮತ್ತದೇ ಮೇಲು-ಕೀಳಿನ ಲೆಕ್ಕವನ್ನು.

ಇದು ಬರೀ ಶಿಷ್ಟಾಚಾರದ ಮಾತಲ್ಲವೆಂಬುದು ನಿಮಗೂ ತಿಳಿದಿದೆ. ಅಡುಗೆ ಮಾಡುವವರು ದಲಿತರೆಂಬ ಕಾರಣಕ್ಕೆ ಮಕ್ಕಳು ಬಿಸಿಯೂಟ ಬಿಟ್ಟ, ಪೋಷಕರು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ ಸುದ್ದಿಗಳು ನಮ್ಮ ರಾಜ್ಯದಲ್ಲಿಯೇ ಬಂದಿವೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿ ಸ್ವಚ್ಛತೆಗೆ ಇಳಿಸಿದ ಪ್ರಕರಣ ಇಡೀ ನಾಡನ್ನು ತಲೆತಗ್ಗಿಸುವಂತೆ ಮಾಡಿತು. ಅದೇ ವರ್ಷ ನಮ್ಮ ಸರ್ಕಾರ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ತೀರ್ಮಾನಿಸಿತು. ‘ವ್ಯಕ್ತಿ ಗೌರವ’ ಎಂಬ ಮಾತು ಆ ಪೀಠಿಕೆಯಲ್ಲಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಅದನ್ನು ಒಕ್ಕೊರಲಿನಿಂದ ಓದಿದ ಮಕ್ಕಳು ಮಧ್ಯಾಹ್ನದ ಊಟದ ಸಾಲಿನಲ್ಲಿ ಅದನ್ನು ಮರೆತರೆ, ಆ ಎರಡರ ನಡುವೆ ಸಂಬಂಧವಿದೆಯೆಂದು ನಾವು ತೋರಿಸಿಕೊಟ್ಟಿಲ್ಲ ಎಂದೇ ಅರ್ಥ. ನೀವು ಸಮಾಜ ವಿಜ್ಞಾನದ ಶಿಕ್ಷಕಿ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯನ್ನು ಹೇಗೂ ಪಾಠ ಮಾಡುತ್ತೀರಿ. ಅದನ್ನು ಊಟದ ಅಂಗಳಕ್ಕೆ ತರುವ ಅವಕಾಶ ನಿಮಗಿರುವಷ್ಟು ಬೇರೆಯವರಿಗಿಲ್ಲ.

ಹೇಗೆ ತರುವುದೆಂದು ಕೊಂಚ ವಿವರವಾಗಿಯೇ ಹೇಳುತ್ತೇನೆ. ಆರರಿಂದ ಎಂಟನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 150 ಗ್ರಾಂ, ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಧಾನ್ಯವೆಂಬ ಲೆಕ್ಕದಲ್ಲಿ ಬಿಸಿಯೂಟ ನಡೆಯುತ್ತದೆ. ಈ ಅಂಕಿಯನ್ನು ಗಣಿತದ ಸಹೋದ್ಯೋಗಿಗೆ ಕೊಟ್ಟು, ನಿಮ್ಮ ಶಾಲೆಯ ಆ ದಿನದ ಹಾಜರಾತಿಗೆ ಎಷ್ಟು ಅಕ್ಕಿ ಬೇಕೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ. ದೊಡ್ಡ ತರಗತಿಯ ನೂರು, ಚಿಕ್ಕ ತರಗತಿಯ ನೂರು ಮಕ್ಕಳಿದ್ದರೆ 25 ಕಿಲೋ ಅಕ್ಕಿಯಾಗುತ್ತದೆ. ನಂತರ ಏಳನೇ ತರಗತಿಯ ನಾಲ್ಕೈದು ಮಕ್ಕಳು ಒಂದು ಬೆಳಗ್ಗೆ ಅಡುಗೆಕೋಣೆಯ ಬಾಗಿಲಲ್ಲಿ ಕೂತು ಆ 25 ಕಿಲೋ ಅಕ್ಕಿಯನ್ನು ಎಷ್ಟು ಜನ, ಎಷ್ಟು ಹೊತ್ತು ಆರಿಸಿ, ತೊಳೆದು, ಬೇಯಿಸಿ, ಗಂಜಿ ಬಸಿದು, ಹಂಡೆ ಎತ್ತಿ ಇಳಿಸುತ್ತಾರೆಂದು ಬರೆದುಕೊಳ್ಳಲಿ. ಒಲೆಯ ಹತ್ತಿರ ಮಾತ್ರ ಸುಳಿಯುವುದು ಬೇಡ. ಕೆಲಸ ಮುಗಿದ ಮೇಲೆ ಅಡುಗೆಯವರನ್ನು ಮಾತನಾಡಿಸಲಿ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಇಷ್ಟು ಜನಕ್ಕೆ ಉಪ್ಪಿನ ಅಂದಾಜು ಹೇಗೆ ಸಿಗುತ್ತದೆ, ಬೇಸಿಗೆ ರಜೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಲಿ. ಮರುದಿನದ ಪ್ರಾರ್ಥನೆಯಲ್ಲಿ ತಾವು ಕಂಡದ್ದನ್ನು ಮಕ್ಕಳೇ ಓದಿ ಹೇಳಿ, ಅಡುಗೆಯವರನ್ನು ಹೆಸರಿನೊಂದಿಗೆ ‘ಅಮ್ಮ’, ‘ಅಕ್ಕ’ ಎಂದು ಸೇರಿಸಿ ಪರಿಚಯಿಸಲಿ. ನಿಮ್ಮ ಕಡೆ ಯಾವುದು ರೂಢಿಯೋ ಅದನ್ನೇ ಬಳಸಿ; ಹೊಸದಾಗಿ ‘ಮೇಡಂ’ ಎಂದು ಕರೆಸಬೇಕಾಗಿಲ್ಲ.

ಇದರ ಜೊತೆಗೆ ಶಿಕ್ಷಕರು ಮಾಡಬೇಕಾದದ್ದೂ ಇದೆ. ನಿಮ್ಮಲ್ಲಿ ಎಷ್ಟು ಮಂದಿ ಮಕ್ಕಳ ಕಣ್ಣೆದುರಿಗೆ ಆ ಊಟವನ್ನು ಉಣ್ಣುತ್ತೀರಿ? ಬಡಿಸಿಕೊಳ್ಳುವಾಗ ಅಡುಗೆಯವರೊಂದಿಗೆ ಹೇಗೆ ಮಾತನಾಡುತ್ತೀರಿ? ‘ಲೇ, ಒಂದ್ ಲೋಟ ನೀರು ತಾ’ ಎಂದು ಸಿಬ್ಬಂದಿ ಕೊಠಡಿಯಿಂದ ಕೂಗಿದ ಒಂದು ಮಾತು ನೀವು ವಾರವಿಡೀ ಕಲಿಸಿದ್ದನ್ನು ಅಳಿಸಿಹಾಕುತ್ತದೆ. ಎಲ್ಲ ಶಿಕ್ಷಕರೂ ಒಪ್ಪಿ ಈ ಒಂದು ಮಾತಿನ ಶಿಸ್ತನ್ನು ಪಾಲಿಸದಿದ್ದರೆ ನೀವೊಬ್ಬರೇ ಮಾಡುವ ಕೆಲಸಕ್ಕೆ ಫಲ ಕಡಿಮೆ. ಆದ್ದರಿಂದ ಶಿಕ್ಷಕರ ಸಭೆಯಲ್ಲಿ ಇದನ್ನು ಮಂಡಿಸಿ, ಮುಖ್ಯ ಶಿಕ್ಷಕರ ಬೆಂಬಲ ಪಡೆದೇ ಮುಂದುವರಿಯಿರಿ.

ಈಗ ಬೆತ್ತದ ಮಾತು. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾನೂನಿನ ಮಾತನ್ನು ಬದಿಗಿಟ್ಟು ನೋಡಿದರೂ, ಬೆತ್ತವಿದ್ದಾಗ ಇದ್ದದ್ದು ಏನು ಎಂಬುದನ್ನು ಶಾಂತವಾಗಿ ಯೋಚಿಸಬೇಕು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ, ಗೋಲಿ ಆಡುವ ಮಕ್ಕಳ ಜೊತೆ ಕೂತು, ಆಟದ ನಿಯಮಗಳನ್ನು ಅವರು ಹೇಗೆ ತಿಳಿದಿದ್ದಾರೆಂದು ವಿಚಾರಿಸಿ 1932ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಚಿಕ್ಕ ಮಕ್ಕಳು ನಿಯಮಗಳು ದೊಡ್ಡವರಿಂದ ಬಂದವು, ಅವನ್ನು ಬದಲಿಸಲೇಬಾರದು ಎಂದು ಗಟ್ಟಿಯಾಗಿ ಹೇಳುತ್ತಿದ್ದರು, ಆದರೆ ಆಡುವಾಗ ತಮಗೆ ತೋಚಿದಂತೆ ಆಡುತ್ತಿದ್ದರು. ಹತ್ತು ಹನ್ನೊಂದು ದಾಟಿದವರು ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಿಸಬಹುದು ಎನ್ನುತ್ತಿದ್ದರು, ಮತ್ತು ಒಪ್ಪಿಕೊಂಡ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರು. ಮೊದಲನೆಯದರ ಹಿಂದೆ ದೊಡ್ಡವರ ಕಡೆಗಿನ ಏಕಪಕ್ಷೀಯ ಗೌರವವಿದೆ, ಎರಡನೆಯದರ ಹಿಂದೆ ಪರಸ್ಪರ ಗೌರವವಿದೆ ಎಂದು ಪಿಯಾಜೆ ವಿವರಿಸಿದರು. ನಿಮ್ಮ ಮಕ್ಕಳು ಈಗ ಆ ಎರಡನೆಯ ಹಂತಕ್ಕೆ ಕಾಲಿಡುವ ವಯಸ್ಸಿನವರು. ಮೊದಲ ಹಂತದ ಉಪಾಯವನ್ನು ಅವರ ಮೇಲೆ ಪ್ರಯೋಗಿಸಿದರೆ ಎದುರಿಗೆ ವಿಧೇಯತೆ, ಬೆನ್ನ ಹಿಂದೆ ಅಣಕ ಎಂಬ ಫಲವೇ ಸಿಗುತ್ತದೆ. ಬೆತ್ತದ ಕಾಲದಲ್ಲಿಯೂ ಮೇಷ್ಟ್ರುಗಳಿಗೆ ಅಡ್ಡಹೆಸರು ಇಡದ ಶಾಲೆ ಇರಲಿಲ್ಲ ಎಂಬುದನ್ನು ನಿಮ್ಮ ಹಿರಿಯ ಸಹೋದ್ಯೋಗಿಗಳು ನೆನಪಿಸಿಕೊಂಡರೆ ಒಳ್ಳೆಯದು.

ಶಿಕ್ಷಕರ ದಿನದಂದು ನಾವು ನೆನೆಯುವ ಸರ್ವೇಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ಕುದುರೆಗಳಿಲ್ಲದೆ ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದ ಸಂಗತಿ ಪ್ರಸಿದ್ಧವಾಗಿದೆ. ಊರು ಬಿಟ್ಟು ಹೊರಟ ಅಧ್ಯಾಪಕರಿಂದ ಆ ವಿದ್ಯಾರ್ಥಿಗಳಿಗೆ ಅಂಕವೂ ಸಿಗುವಂತಿರಲಿಲ್ಲ, ಶಿಕ್ಷೆಯ ಭಯವೂ ಇರಲಿಲ್ಲ. ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಈ ಪ್ರಸಂಗವನ್ನು ಹೇಳುವವರು ಈ ಅಂಶವನ್ನೂ ಒತ್ತಿ ಹೇಳಬೇಕೆಂದು ನನ್ನ ಆಸೆ.

ಮಕ್ಕಳ ಮಾತನ್ನು ತಿದ್ದುವ ಮೊದಲು ನಾವು ಶಾಲೆಯಲ್ಲಿ ಆಡುವ ಮಾತುಗಳನ್ನು ಒಂದು ವಾರ ಗಮನಿಸಿ ನೋಡುವುದು ಒಳ್ಳೆಯದು. ಇಲ್ಲಿ ನಾನು ಒಂದೇ ಒಂದು ಅಭ್ಯಾಸವನ್ನು ಎತ್ತಿ ಹೇಳುತ್ತೇನೆ, ಏಕೆಂದರೆ ಅದು ಬಹುತೇಕ ಶಾಲೆಗಳಲ್ಲಿ ಯಾವ ದುರುದ್ದೇಶವೂ ಇಲ್ಲದೆ ನಡೆಯುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಸಮಯ ಬಂದಾಗ ಶಿಕ್ಷಕರು ತರಗತಿಯಲ್ಲಿ ನಿಂತು ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ, ಜಾತಿ ಪ್ರಮಾಣಪತ್ರ ತಂದವರು ಕೈ ಎತ್ತಿ’ ಎನ್ನುತ್ತಾರೆ. ಶಿಕ್ಷಕರಿಗೆ ಅದು ಆ ದಿನ ಮುಗಿಸಬೇಕಾದ ಒಂದು ಪಟ್ಟಿ. ಎದ್ದು ನಿಂತ ಮಗುವಿಗೆ ಅದು ಇಡೀ ತರಗತಿಯ ದೃಷ್ಟಿಯನ್ನು ಮೈಮೇಲೆ ಹೊತ್ತ ಕ್ಷಣ. ಕೂತಿರುವ ಮಕ್ಕಳಿಗೆ ಅದು ಯಾರು ಯಾರೆಂದು ಶಾಲೆಯೇ ಬೆರಳು ತೋರಿದ ಪಾಠ. ಈ ಮಾಹಿತಿ ದಾಖಲಾತಿ ವಹಿಯಲ್ಲಿ ಹೇಗೂ ಇರುತ್ತದೆ. ಪಟ್ಟಿಯನ್ನು ಅಲ್ಲಿಂದ ತೆಗೆದುಕೊಂಡು, ಪೋಷಕರನ್ನು ಒಬ್ಬೊಬ್ಬರಾಗಿ ಸಂಪರ್ಕಿಸಿದರೆ ಅರ್ಧ ದಿನದ ಕೆಲಸ ಹೆಚ್ಚಾಗಬಹುದು. ಆ ಅರ್ಧ ದಿನವನ್ನು ಕೊಡಲೇಬೇಕು. ಕಿರುಪರೀಕ್ಷೆಯ ಅಂಕಗಳನ್ನು ಕಡಿಮೆಯಿಂದ ಆರಂಭಿಸಿ ಜೋರಾಗಿ ಓದುವುದು, ಹೊಲದ ಕೆಲಸ ಬಿಟ್ಟು ಬಂದ ತಂದೆಯನ್ನು ಬಾಗಿಲ ಬಳಿ ನಿಲ್ಲಿಸಿಕೊಂಡೇ ಅವರ ಮಗನ ಮೇಲೆ ದೂರು ಹೇಳುವುದು, ಇವೂ ಇದೇ ಜಾತಿಗೆ ಸೇರಿದವು. ಕುರ್ಚಿ ಕೊಟ್ಟು ‘ಕೂತ್ಕೊಳ್ಳಿ ಯಜಮಾನ್ರೇ’ ಎಂದು ಮಗನೆದುರಿಗೆ ಆ ತಂದೆಗೆ ಹೇಳಿದ ಶಿಕ್ಷಕಿಗೆ ಎದುರುತ್ತರ ಕೊಡುವುದು ಆ ಹುಡುಗನಿಗೆ ಅಷ್ಟು ಸುಲಭವಾಗುವುದಿಲ್ಲ.

ಉಗ್ಗುವ ಹುಡುಗನ ವಿಷಯದಲ್ಲಿ ಅವಸರ ಬೇಡ. ಮೊದಲು ಅವನೊಬ್ಬನನ್ನೇ ಕರೆದು, ಓದಲು ಇಷ್ಟವಿದೆಯೇ, ಹೇಗೆ ಓದಿದರೆ ಅನುಕೂಲ ಎಂದು ಕೇಳಿ. ಮಾತು ತಡೆದಾಗ ‘ನಿಧಾನ, ನಿಧಾನ’ ಎನ್ನುವುದರಿಂದಾಗಲಿ, ಅವನ ವಾಕ್ಯವನ್ನು ನಾವೇ ಮುಗಿಸುವುದರಿಂದಾಗಲಿ ಸಹಾಯವಾಗುವುದಿಲ್ಲ; ಅವನ ಮುಖ ನೋಡುತ್ತ ಕಾಯಬೇಕು. ನೀವು ಕಾಯುವ ರೀತಿಯನ್ನು ನೋಡಿಯೇ ಉಳಿದವರೂ ಕಾಯಲು ಕಲಿಯುತ್ತಾರೆ. ಮತ್ತೊಬ್ಬರ ಜೊತೆ ಒಟ್ಟಿಗೆ ಓದುವಾಗ ಉಗ್ಗು ಬಹುಮಟ್ಟಿಗೆ ಕಡಿಮೆಯಾಗುವುದು ಸಾಮಾನ್ಯವಾದ್ದರಿಂದ, ಎಲ್ಲರಿಗೂ ಜೋಡಿ ಓದಿನ ಪದ್ಧತಿ ಮಾಡಿದರೆ ಅವನೊಬ್ಬನನ್ನೇ ಪ್ರತ್ಯೇಕವಾಗಿ ಕಂಡಂತೆಯೂ ಆಗುವುದಿಲ್ಲ.

ನಗುವ ಮಕ್ಕಳಿಗೆ ‘ನಗಬಾರದು’ ಎಂಬ ಉಪದೇಶಕ್ಕಿಂತ ಅವನ ಮಾತು ತಮಗೆ ಬೇಕಾಗುವ ಸನ್ನಿವೇಶವೇ ಹೆಚ್ಚು ಕಲಿಸುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯರ, ಕರಿಯರ ಮತ್ತು ಮೆಕ್ಸಿಕನ್ ಮೂಲದವರ ಮಕ್ಕಳು ಒಂದೇ ತರಗತಿಯಲ್ಲಿ ಕೂರಲಾರಂಭಿಸಿ ಜಗಳಗಳು ಹೆಚ್ಚಾದಾಗ, 1971ರಲ್ಲಿ ಎಲಿಯಟ್ ಆರನ್ಸನ್ ಎಂಬ ಮನೋವಿಜ್ಞಾನಿ ಪಾಠವನ್ನು ತುಂಡುಗಳಾಗಿ ಹಂಚುವ ಒಂದು ವಿಧಾನವನ್ನು ರೂಪಿಸಿದರು. ಅದನ್ನು ನಿಮ್ಮ ತರಗತಿಗೆ ಹೀಗೆ ಹೊಂದಿಸಬಹುದು. ತುಂಗಭದ್ರಾ ನದಿಯ ಪಾಠವನ್ನು ಐದು ಭಾಗ ಮಾಡಿ. ಗಂಗಾಮೂಲದ ಉಗಮ ಒಬ್ಬರಿಗೆ, ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಕೂಡುವುದು ಇನ್ನೊಬ್ಬರಿಗೆ, ಭದ್ರಾ ನಾಲೆಯ ನೀರು ಮತ್ತು ನಿಮ್ಮ ಜಿಲ್ಲೆಯ ಭತ್ತದ ಗದ್ದೆಗಳು ಮೂರನೆಯವರಿಗೆ, ಹೊಸಪೇಟೆಯ ಅಣೆಕಟ್ಟು ನಾಲ್ಕನೆಯವರಿಗೆ, ನದಿ ಕೃಷ್ಣೆಯನ್ನು ಸೇರುವ ಭಾಗ ಐದನೆಯವರಿಗೆ. ಪ್ರತಿ ಗುಂಪಿನಲ್ಲಿಯೂ ಈ ಐವರಿರಬೇಕು. ಒಬ್ಬರ ಭಾಗ ಇನ್ನೊಬ್ಬರ ಕೈಯಲ್ಲಿರಬಾರದು. ನಾಲೆಯ ಭಾಗ ಸಿಕ್ಕವರೆಲ್ಲ ಮೊದಲು ಒಂದೆಡೆ ಸೇರಿ ಅದನ್ನು ಚೆನ್ನಾಗಿ ಅರಿತುಕೊಂಡು, ಬಳಿಕ ತಂತಮ್ಮ ಗುಂಪಿಗೆ ಮರಳಿ ವಿವರಿಸುತ್ತಾರೆ. ಕೊನೆಯ ಪ್ರಶ್ನೆಗಳು ಐದೂ ಭಾಗಗಳಿಂದ ಬರುತ್ತವೆ. ನಾಲೆಯ ಭಾಗ ಆ ಹುಡುಗನ ಪಾಲಿಗೆ ಬಂದರೆ, ಅವನು ಹೇಳಿ ಮುಗಿಸುವವರೆಗೆ ಕೇಳದೆ ಉಳಿದ ನಾಲ್ವರಿಗೆ ದಾರಿಯಿಲ್ಲ. ಗುಂಪುಗಳನ್ನು ನೀವೇ ಮಾಡಿ, ಕೇರಿವಾರು ಗೆಳೆಯರು ಒಂದೇ ಕಡೆ ಕೂಡದಂತೆ ನೋಡಿಕೊಳ್ಳಿ. ಆರಂಭದಲ್ಲಿ ಗದ್ದಲವಾಗುತ್ತದೆ, ಆರೇಳು ವಾರ ಬಿಡದೆ ನಡೆಸಿದ ಮೇಲಷ್ಟೇ ಇದನ್ನು ಅಳೆಯಬೇಕು.

ಅಗೌರವದ ಮಾತು ಬಂದೇಬಿಟ್ಟಾಗ ಏನು ಮಾಡಬೇಕು? ಆ ಗಳಿಗೆಯಲ್ಲಿ ಕಡಿಮೆ ಮಾತು ಲೇಸು. ‘ಅದನ್ನೇ ಇನ್ನೊಮ್ಮೆ ಸರಿಯಾಗಿ ಕೇಳಪ್ಪ’ ಎಂದು ಸಹಜ ದನಿಯಲ್ಲಿ ಹೇಳಿ, ಅವನು ‘ಅಮ್ಮ, ಸ್ವಲ್ಪ ಸಾರು ಹಾಕ್ರಿ’ ಎನ್ನುವವರೆಗೆ ಅಲ್ಲಿಯೇ ನಿಂತು, ಅಂದ ಮೇಲೆ ವಿಷಯವನ್ನು ಮುಗಿಸಿ. ಮತ್ತೆ ಮತ್ತೆ ನಡೆದರೆ ಬೇರೆಯಾಗಿ ಕರೆದು ಮಾತನಾಡಿ. ಪ್ರಾರ್ಥನೆಯ ಸಾಲಿನೆದುರು ನಿಲ್ಲಿಸಿ ಕ್ಷಮೆ ಕೇಳಿಸುವುದು ಬೇಡವೇ ಬೇಡ. ಅಲ್ಲಿ ಹುಡುಗ ತನ್ನ ಅವಮಾನವನ್ನು ನೆನಪಿಟ್ಟುಕೊಳ್ಳುತ್ತಾನೆ, ತಾನು ಇನ್ನೊಬ್ಬರಿಗೆ ಮಾಡಿದ್ದನ್ನು ಮರೆಯುತ್ತಾನೆ. ಅದರ ಬದಲು ಒಂದು ವಾರ ಬಡಿಸುವ ಸರದಿಯಲ್ಲಿ ಅಡುಗೆಯವರ ಪಕ್ಕದಲ್ಲಿ ನಿಂತು ಅನ್ನ ಬಡಿಸಲಿ. ಈ ಸರದಿ ಶಾಲೆಯ ಎಲ್ಲ ದೊಡ್ಡ ಮಕ್ಕಳಿಗೂ ಹೆಸರಿನ ಅಕಾರಾದಿಯಲ್ಲಿ ಇರಬೇಕು, ಹುಡುಗ-ಹುಡುಗಿ ಎಂಬ ಭೇದವಿರಬಾರದು. ಇಲ್ಲವಾದರೆ ಬಡಿಸುವುದೇ ಶಿಕ್ಷೆಯೆಂಬ ತಪ್ಪು ಪಾಠವಾಗುತ್ತದೆ. ತರಗತಿ ಗುಡಿಸುವುದಕ್ಕೂ ಇದೇ ಮಾತು, ಮತ್ತು ಆ ಸರದಿಯಲ್ಲಿ ಶಿಕ್ಷಕರ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಶೌಚಾಲಯದ ಕೆಲಸವನ್ನು ಮಾತ್ರ ಯಾವ ಮಗುವಿಗೂ ಹಚ್ಚಬಾರದು.

ಎದುರುತ್ತರ ಎಂದು ನೀವು ಹೇಳಿದ್ದರಲ್ಲಿ ಎರಡು ಬಗೆ ಇರಬಹುದು. ದಯವಿಟ್ಟು ಅವನ್ನು ಬೇರ್ಪಡಿಸಿ ನೋಡಿ. ‘ಟೀಚರ್, ನಿನ್ನೆ ನೀವು ಬೇರೆ ಥರ ಹೇಳಿದ್ರಿ’ ಎಂಬುದು ಪ್ರಶ್ನೆ. ನಮ್ಮ ಸಂವಿಧಾನದ 51ಎ ವಿಧಿ ಜಿಜ್ಞಾಸೆಯ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಮೂಲಭೂತ ಕರ್ತವ್ಯವೆಂದೇ ಹೇಳಿದೆ, ಆದ್ದರಿಂದ ಅಂಥ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕೆಲಸ. ‘ನಿಮಗೇನ್ರಿ ಗೊತ್ತು’ ಎಂಬುದು ಬೇರೆ. ಒಪ್ಪದಿರುವುದಕ್ಕೆ ಮರ್ಯಾದೆಯ ಮಾತುಗಳಿವೆ ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿಕೊಡಬೇಕು: ‘ನನಗೆ ಹಾಗನ್ನಿಸಲಿಲ್ಲ ಟೀಚರ್’, ‘ಇನ್ನೊಂದ್ಸಲ ಹೇಳ್ತೀರಾ’, ‘ನಾನು ಮಾಡಿಲ್ಲ, ನನ್ನ ಮಾತು ಕೇಳಿ’. ಇವುಗಳನ್ನು ಪಾತ್ರಾಭಿನಯದಲ್ಲಿ ಆಡಿಸಿ. ಬಾಯಲ್ಲಿ ಮಾತಿಲ್ಲದ ಮಗುವೇ ಹೆಚ್ಚಾಗಿ ಒರಟಾಗುತ್ತದೆ.

ಎದ್ದು ನಿಲ್ಲುವ ವಿಷಯಕ್ಕೆ ಬಂದರೆ, ನೀವು ಅದಕ್ಕಾಗಿ ಜಗಳವಾಡಬೇಕಾಗಿಲ್ಲ. ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆಯೇ ಕೂರುತ್ತಾರೆ. ಅದರಿಂದ ಅವರ ಮರ್ಯಾದೆ ತಗ್ಗಿದ್ದನ್ನು ನಾನು ಕಂಡಿಲ್ಲ. ವರ್ಷದ ಆರಂಭದಲ್ಲಿ ಮಕ್ಕಳೊಂದಿಗೆ ಕೂತು, ತರಗತಿಗೆ ಯಾರೇ ಬಂದರೂ, ಅದು ಮುಖ್ಯ ಶಿಕ್ಷಕರಿರಲಿ, ಅಡುಗೆಯವರಿರಲಿ, ಒಂದನೇ ತರಗತಿಯ ಮಗುವಿನ ತಾಯಿಯಿರಲಿ, ಹೇಗೆ ಸ್ವಾಗತಿಸಬೇಕೆಂದು ಅವರಿಂದಲೇ ತೀರ್ಮಾನ ಮಾಡಿಸಿ, ಗೋಡೆಗೆ ಅಂಟಿಸಿ. ಎದ್ದು ನಿಲ್ಲುವುದೆಂದಾದರೆ ಎಲ್ಲರಿಗೂ, ಕೂತೇ ನಮಸ್ಕರಿಸುವುದೆಂದಾದರೆ ಎಲ್ಲರಿಗೂ. ಕಾಲಿಗೆ ಬೀಳುವುದು ಕೆಲವು ಮನೆಗಳ ಸಂಪ್ರದಾಯ. ಅದನ್ನು ಶಾಲೆಯಲ್ಲಿ ಕಡ್ಡಾಯ ಮಾಡಬೇಡಿ.

ಶಾಲೆಯ ಹೊರಗಿನ ಮಾತು ಚುಟುಕಾಗಿ. ಬಸ್ಸಿನ ಕಂಡಕ್ಟರನ್ನು, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು, ಪೌರಕಾರ್ಮಿಕರನ್ನು ಹೇಗೆ ಮಾತನಾಡಿಸುತ್ತೇವೆ ಎಂಬುದನ್ನು ಮಕ್ಕಳು ಒಂದು ವಾರ ತಮ್ಮ ಮನೆಮಂದಿಯ ಮಾತಿನಲ್ಲಿ ಗಮನಿಸಿ ಬರಲಿ. ಮನೆಯವರ ಹೆಸರು ಬರೆಯುವುದು ಬೇಡ, ತರಗತಿಯಲ್ಲಿ ಯಾರ ಮನೆಯನ್ನೂ ತೂಗುವುದೂ ಬೇಡ. ಮೊಬೈಲಿನಲ್ಲಿ ಸಹಪಾಠಿಗಳ ವಿಡಿಯೊ ಮಾಡಿ ಹಂಚುವ ಚಟ ನಿಮ್ಮ ಊರಿಗೂ ಬಂದಿದ್ದರೆ, ಒಬ್ಬರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಬೇಕೆಂಬ ನಿಯಮವನ್ನು ಗೋಡೆಯ ಪಟ್ಟಿಗೆ ಸೇರಿಸಿ, ಶಾಲಾ ಕಾರ್ಯಕ್ರಮಗಳಲ್ಲಿ ಶಿಕ್ಷಕರೂ ಅದನ್ನು ಪಾಲಿಸಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ: ಅಡುಗೆಯವರನ್ನು ಶಾಲೆಯಲ್ಲಿ ಮಕ್ಕಳು ಹೇಗೆ ಕರೆಯುತ್ತಾರೋ ಊರಿನಲ್ಲಿ ದೊಡ್ಡವರೂ ಹಾಗೆಯೇ ಕರೆಯಬೇಕು ಎಂಬ ಒಂದು ಕೋರಿಕೆ ಸಾಕು. ಕೆಲವರು ಮುಖ ಗಂಟಿಕ್ಕಬಹುದು. ಆದರೂ ಕೋರಿಕೆಯನ್ನು ಹಿಂತೆಗೆದುಕೊಳ್ಳಬೇಡಿ.

ಅಂಕದ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. ಅಂಕವಿಟ್ಟ ಕೂಡಲೇ ಮಕ್ಕಳು ಅಂಕ ಕೊಡುವವರ ಎದುರಿಗೆ ಮಾತ್ರ ಗೌರವ ತೋರುತ್ತಾರೆ, ಮತ್ತು ನಾವು ಬಿಡಿಸಬೇಕೆಂದಿದ್ದ ಗಂಟು ಇನ್ನೂ ಬಿಗಿಯಾಗುತ್ತದೆ. ಅದರ ಬದಲು ನಿಮ್ಮ ವಹಿಯಲ್ಲಿ ಪ್ರತಿ ಮಗುವಿಗೂ ಒಂದು ಪುಟ ಬಿಡಿ. ಯಾರೂ ನೋಡುತ್ತಿಲ್ಲವೆಂದು ಅದು ಭಾವಿಸಿದ್ದಾಗ ಚಿಕ್ಕವರೊಂದಿಗೆ, ಅಡುಗೆಯವರೊಂದಿಗೆ ಹೇಗೆ ನಡೆದುಕೊಂಡಿತೆಂದು ಕಣ್ಣಿಗೆ ಬಿದ್ದಾಗ ದಿನಾಂಕ ಹಾಕಿ ಒಂದೆರಡು ಸಾಲು ಬರೆದಿಡಿ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯನ್ನು ಕೊಡುವ ಮೊದಲು ಅದರಲ್ಲಿನ ಒಳ್ಳೆಯ ಸಾಲೊಂದನ್ನು ಆ ಮಗುವಿನ ತಂದೆತಾಯಿಗೆ ಓದಿ ಹೇಳಿ. ಆರನೇ ತರಗತಿಯಿಂದ ಆರಂಭಿಸಿ; ಎಂಟನೆಯವರಿಗೆ ಉಳಿದಿರುವ ಸಮಯ ಕಡಿಮೆ, ಆರನೆಯವರು ನಿಮ್ಮ ಕೈಯಲ್ಲಿ ಇನ್ನೂ ಮೂರು ವರ್ಷ ಇರುತ್ತಾರೆ.